ಪಡೆದ ಜಾಗ ಹಿಂತಿರುಗಿಸದ ಪ್ರೋಗ್ರಾಂ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



"ಬೆಂಗಳೂರಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಏನಪ್ಪಾ ಮಾಡ್ತೀಯ?" ಎಂದು ಊರಲ್ಲಿ ಕೇಳುತ್ತಾರೆ. ಆ ಕೆಲಸದ ಒಂದು ತುಣುಕನ್ನು ಹೇಳುತ್ತೇನೆ.

ಮೊಬೈಲ್ ಟವರ್, ಬ್ಯಾಂಕು, ತಾಲ್ಲೂಕು ಕಚೇರಿ ಎಲ್ಲೆಡೆ ನೆಟ್‌ವರ್ಕ್ ಉಪಕರಣಗಳಿವೆ. ಅವು ನೆಟ್ಟಗಿವೆಯೇ ಎಂದು ನೋಡಿಕೊಳ್ಳಲು ಒಂದು ಪ್ರೋಗ್ರಾಂ ಇರುತ್ತದೆ. ತರಗತಿಯಲ್ಲಿ ಹಾಜರಿ ಕೂಗುವಂತೆ ಅದು ಒಂದೊಂದನ್ನೂ ಕರೆಯುತ್ತದೆ; ಉತ್ತರ ಬಾರದಿದ್ದರೆ ಸಿಬ್ಬಂದಿಗೆ ತಿಳಿಸುತ್ತದೆ. ತಿಂಗಳುಗಟ್ಟಲೆ ನಿಲ್ಲದೆ ನಡೆಯಬೇಕು.

ಪ್ರತಿ ಕರೆಗೂ ಅದು ಮೆಮೊರಿಯಲ್ಲಿ ಸ್ವಲ್ಪ ಜಾಗ ಪಡೆಯುತ್ತದೆ. ಲೈಬ್ರರಿ ಪುಸ್ತಕದಂತೆ, ಕೆಲಸ ಮುಗಿದ ಮೇಲೆ ಹಿಂತಿರುಗಿಸಬೇಕು. ಹಿಂತಿರುಗಿಸದೆ ಉಳಿದರೆ ಅದೇ 'ಮೆಮೊರಿ ಲೀಕ್'. ಸೋರಿಕೆ ಎಂಬ ಹೆಸರಿದ್ದರೂ ಹೊರಗೆ ಏನೂ ಸೋರುವುದಿಲ್ಲ. ಒಳಗೇ ಜಾಗ ತುಂಬಿ, ಕೊನೆಗೆ ಪ್ರೋಗ್ರಾಂ ನಿಂತುಹೋಗುತ್ತದೆ.

ನಾನು ನೋಡಿದ ಇಂಥ ಒಂದು ಪ್ರೋಗ್ರಾಂ ಬೇಸಿಗೆಯಲ್ಲಿ ಚೆನ್ನಾಗಿ ನಡೆದು ಮಳೆಗಾಲದಲ್ಲಿ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಮತ್ತೆ ಶುರು ಮಾಡುತ್ತಿದ್ದರು. ಅದು ಜ್ವರದ ಮಾತ್ರೆ ಇದ್ದಂತೆ. ಜ್ವರ ಇಳಿಯುತ್ತದೆ, ಕಾರಣ ತಿಳಿಯುವುದಿಲ್ಲ.

ನಮ್ಮ ತೋಟದವರು ಬೆಳಿಗ್ಗೆ ಎದ್ದು ಮಳೆಯ ಇಂಚು, ಸೆಂಟು ಬರೆದಿಡುತ್ತಾರಲ್ಲ, ಹಾಗೆಯೇ ಗಂಟೆಗೊಮ್ಮೆ ಮೆಮೊರಿ ಎಷ್ಟೆಂದು ಬರೆದಿಟ್ಟೆವು. ಏರಿ ಒಂದು ಮಟ್ಟದಲ್ಲಿ ನಿಂತರೆ ಭಯವಿಲ್ಲ. ಇದು ನಿಲ್ಲದೆ ಏರುತ್ತಿತ್ತು. ಪಕ್ಕದಲ್ಲಿ ಉತ್ತರ ಕೊಡದ ಉಪಕರಣಗಳ ಸಂಖ್ಯೆ ಬರೆದಾಗ ಸುಳಿವು ಸಿಕ್ಕಿತು: ಮರ ಬಿದ್ದು ಕರೆಂಟು ಹೋದ ದಿನಗಳಲ್ಲೇ ಏರಿಕೆ ಹೆಚ್ಚು! ಉತ್ತರ ಬಂದರೆ ಜಾಗ ಹಿಂತಿರುಗುತ್ತಿತ್ತು. ಕಾದು ಕಾದು ಕೈಬಿಟ್ಟಾಗ ಹಿಂತಿರುಗುತ್ತಿರಲಿಲ್ಲ.

ಲೆಕ್ಕ ಹಾಕಿ ನೋಡಿ. 100 ಉಪಕರಣ ಉತ್ತರಿಸುತ್ತಿಲ್ಲ, ನಿಮಿಷಕ್ಕೊಮ್ಮೆ ಕರೆ, ಪ್ರತಿ ಸಲ 200 ಬೈಟ್ ಉಳಿಯುತ್ತದೆ ಎಂದುಕೊಳ್ಳಿ. ದಿನಕ್ಕೆ 1,44,000 ಕರೆ, ಸುಮಾರು 29 ಎಂಬಿ. ಎರಡು ತಿಂಗಳಿಗೆ 1.7 ಜಿಬಿ!

ಅನುಮಾನ ಖಚಿತವಾಗಲು ಪರೀಕ್ಷಾ ಕೊಠಡಿಯಲ್ಲಿ ಬೇಕೆಂದೇ ಕೇಬಲ್ ಕಿತ್ತು ಪ್ರೋಗ್ರಾಂ ನಡೆಸಿದೆವು. ಸಿ ಭಾಷೆಯ ಪ್ರೋಗ್ರಾಂಗಳಿಗೆ 'ವಾಲ್‌ಗ್ರೈಂಡ್' ಎಂಬ ಉಚಿತ ಸಾಧನವಿದೆ. ಹಿಂತಿರುಗದ ಜಾಗವನ್ನು ಯಾವ ಸಾಲಿನಲ್ಲಿ ಪಡೆದದ್ದು ಎಂದು ಅದು ತೋರಿಸುತ್ತದೆ. ಆ ಸಾಲಿನಿಂದ ಮುಂದಿನ ದಾರಿಗಳನ್ನೆಲ್ಲ ಓದಿ, ಬಿಟ್ಟುಹೋಗಿದ್ದ ಒಂದು ಸಾಲು ಸೇರಿಸಿದ್ದಷ್ಟೇ ದುರಸ್ತಿ.

ದೊಡ್ಡವರಿಗೂ ಇದು ತಪ್ಪಿಲ್ಲ. 2012ರ ಅಕ್ಟೋಬರ್ 22ರಂದು ಅಮೆರಿಕದ ವರ್ಜೀನಿಯಾದಲ್ಲಿ ಅಮೆಜಾನ್‌ನ ಕ್ಲೌಡ್ ಸೇವೆ ಕುಸಿಯಿತು. ಸರ್ವರ್‌ಗಳ ಸ್ಥಿತಿಗತಿ ಸಂಗ್ರಹಿಸುವ ಒಂದು ಸಣ್ಣ ಪ್ರೋಗ್ರಾಂ, ತನ್ನ ವರದಿ ಪಡೆಯಬೇಕಾದ ಯಂತ್ರ ಸಿಗದೆ ಮತ್ತೆ ಮತ್ತೆ ಪ್ರಯತ್ನಿಸುತ್ತಾ ಮೆಮೊರಿ ತಿಂದುಹಾಕಿತ್ತು. ಅಲ್ಲಿಯೂ ಲೀಕ್ ಇದ್ದದ್ದು ಸಂಪರ್ಕ ಸಿಗದ ದಾರಿಯಲ್ಲೇ.

ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದ ರಾತ್ರಿ ಯಾವ ಟವರ್ ನಿಂತಿದೆ ಎಂದು ಹೇಳಬೇಕಾದದ್ದು ಇಂಥದೇ ಪ್ರೋಗ್ರಾಂ. ಅದೇ ರಾತ್ರಿ ಅದೂ ಮಲಗಿದರೆ ಆಂಬುಲೆನ್ಸ್‌ಗೆ ಫೋನ್ ಮಾಡುವ ಮನೆಯವರ ಗತಿಯೇನು?

ಮಕ್ಕಳೇ, ನಾಳೆ ನೀವೂ ಪ್ರೋಗ್ರಾಂ ಬರೆಯುವಿರಿ. ಎಲ್ಲ ಸರಿಯಿರುವಾಗ ನಡೆದರೆ ಸಾಲದು. ಕೇಬಲ್ ಕಿತ್ತು ಪರೀಕ್ಷಿಸಿ, ದಿನಗಟ್ಟಲೆ ನಡೆಸಿ, ಅಂಕಿ ಬರೆದಿಡಿ. ಮಲೆನಾಡಿನವರಿಗೆ ಮಳೆಗಾಲಕ್ಕೆ ಮೊದಲೇ ಹೆಂಚು ಕೈಯಾಡಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ.