ಕೋಳಿಗೂಡಿನ ಮಾಡು



ಕೋಳಿಗೂಡಿಗೆ ಯಾವ ಮಾಡು ಹೊದಿಸಬೇಕೆಂಬುದು ವಿದ್ಯಾವಂತರ ಮುಂದೆ ಚರ್ಚಿಸತಕ್ಕ ವಿಷಯವೇ ಎಂದು ತಮ್ಮಲ್ಲಿ ಕೆಲವರು ನಗಬಹುದು. ನಾವೂ ಒಮ್ಮೆ ಹಾಗೆಯೇ ನಕ್ಕವರು. ಆ ನಗೆಗೆ ತೆತ್ತ ಬೆಲೆಯನ್ನು ಮೊದಲು ಹೇಳಿಬಿಡುತ್ತೇವೆ.

ಕುಂದಾಪುರದ ಬಳಿಯ ನಮ್ಮ ಮನೆಯ ಹಿತ್ತಿಲಲ್ಲಿ ತಾಯಿಯವರು ಸಾಕಿದ್ದ ಹತ್ತು ಹೇಂಟೆಗಳಿಗೆ ತೆಂಗಿನ ಮಡಲು ಹೊದಿಸಿದ ಗೂಡೊಂದಿತ್ತು. ವರ್ಷವರ್ಷವೂ ಮಡಲು ಬದಲಿಸುವ ಶ್ರಮವೇಕೆಂದು ನಾವು ಅದನ್ನು ತೆಗೆಯಿಸಿ, ಸತುವು ಬಳಿದ ಕಬ್ಬಿಣದ ತಗಡನ್ನು ತೀರ ತಗ್ಗಾಗಿ ಹೊದಿಸಿದೆವು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಕಾವಿಗೆ ಕುಳಿತಿದ್ದ ಹೇಂಟೆಯೊಂದು ಕೊಕ್ಕು ತೆರೆದು ಏದುತ್ತಿದ್ದಿತು. ಸಂಜೆಯ ಹೊತ್ತಿಗೆ ಸತ್ತಿತು. ತಾಯಿಯವರು ನಮಗೆ ಒಂದು ಮಾತನ್ನೂ ಆಡಲಿಲ್ಲ. ಮೊಟ್ಟೆಗಳನ್ನು ಇನ್ನೊಂದು ಹೇಂಟೆಯ ಅಡಿಯಲ್ಲಿಟ್ಟು ಒಳಗೆ ನಡೆದರು.

ಕಾರಣ ಗಹನವಾದುದಲ್ಲ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದರ ಮೈಯ ಉಷ್ಣತೆ 41 ಡಿಗ್ರಿ ಸೆಂಟಿಗ್ರೇಡಿನಷ್ಟು. ಸೆಕೆ ಹೆಚ್ಚಿದಾಗ ಏದಿ, ಉಸಿರಿನ ತೇವವನ್ನು ಆವಿಯಾಗಿಸಿಯೇ ಅದು ತಂಪಾಗಬೇಕು. ಕರಾವಳಿಯ ಗಾಳಿಯಾದರೋ ಮೊದಲೇ ತೇವದಿಂದ ತುಂಬಿರುವುದು. ಹೀಗಿರಲು, ಕಾದ ತಗಡು ತಲೆಯ ಮೇಲೆ ಒಂದು ಮೊಳದಲ್ಲಿದ್ದರೆ ಆ ಜೀವಕ್ಕೆ ಗತಿಯೇನು?

ಮಳೆಗಾಲದ ಕಷ್ಟ ಬೇರೆ ಬಗೆಯದು. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆಯಾದರೆ, ಬೈಂದೂರು, ಕುಂದಾಪುರ, ಬ್ರಹ್ಮಾವರದ ಸೀಮೆಯಲ್ಲಿ 4000ದ ಆಸುಪಾಸಿನಲ್ಲಿ ಸುರಿಯುವುದು. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ನೆಲದ ಹೊಟ್ಟು ನೆನೆದರೆ ರಕ್ತಭೇದಿಯನ್ನುಂಟುಮಾಡುವ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿಗಳು ಪ್ರಬಲಿಸಿ ಮರಿಗಳನ್ನು ಕೊಲ್ಲುವುವು. ಆದುದರಿಂದ ಮಾಡು ಬಿಸಿಲಿಗೂ ಮಳೆಗೂ ಸಮನಾಗಿ ಉತ್ತರ ಕೊಡತಕ್ಕುದಾಗಿರಬೇಕು.

ಮಡಲು, ಮುಳಿಹುಲ್ಲುಗಳು ತಂಪು; ಆದರೆ ಮಳೆಗೆ ಕೊಳೆಯುವುವು, ಇಲಿಗೂ ಇಲಿಯನ್ನರಸಿ ಬರುವ ಹಾವಿಗೂ ಆಶ್ರಯವಾಗುವುವು. ತಗಡು ಹಗುರ, ಆದರೆ ಮರವಂತೆ, ಗಂಗೊಳ್ಳಿಗಳ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುವುದು. ತಗಡೇ ಅನಿವಾರ್ಯವಾದರೆ ಎತ್ತರಿಸಿ, ಬೇಸಗೆಯಲ್ಲಿ ಮೇಲೆ ಮಡಲು ಹಾಸಬೇಕು. ಕಲ್ನಾರಿನ ಹಾಳೆಯನ್ನು ಮಾತ್ರ ಯಾರೂ ಬಯಸಬಾರದು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಹಾಳೆಯನ್ನು ಕೊಯ್ಯುವಾಗಲೂ ಒಡೆಯುವಾಗಲೂ ಏಳುವ ಧೂಳು ಕೋಳಿಗಿಂತ ಮೊದಲು ಮನೆಯವರ ಎದೆಯನ್ನು ಸೇರುವುದು.

ಉಳಿದುದು ಹಂಚು. 1865ರಲ್ಲಿ ಬಾಸೆಲ್ ಮಿಷನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಈ ಕೆಂಪು ಹಂಚು ನಮ್ಮ ಕರಾವಳಿಯ ಗುರುತೇ ಆಗಿದೆ. ಸುಟ್ಟ ಮಣ್ಣು ನಿಧಾನವಾಗಿ ಕಾಯುವುದು. ಹಂಚುಹಂಚಿನ ನಡುವಣ ಸಂದಿಗಳಿಂದ ಸೆಕೆ ಹೊರಹೋಗುವುದು. ದೋಷವೆಂದರೆ ಭಾರ. ಆರಡಿ ಉದ್ದ, ನಾಲ್ಕಡಿ ಅಗಲದ ಗೂಡಿಗೆ ಸುತ್ತಲೂ ಎರಡಡಿ ಸೂರು ಬಿಟ್ಟರೆ ಸುಮಾರು 140 ಹಂಚು ಬೇಕು. ತೂಕ 300 ಕಿಲೋಗ್ರಾಮಿಗೂ ಮಿಕ್ಕೀತು. ಕಂಬ, ಪಕ್ಕಾಸು, ರೀಪುಗಳು ಗಟ್ಟಿಯಾಗಿರಲಿ. ಇಳಿಜಾರು 30 ಡಿಗ್ರಿಯಷ್ಟಿರಲಿ. ಹಂಚಿನ ಅಡಿಯಲ್ಲಿ ಅರ್ಧ ಅಂಗುಲದ ತಂತಿಬಲೆ ಬಿಗಿಯಿರಿ. ಇಲ್ಲದಿದ್ದರೆ ಕಾಡುಬೆಕ್ಕು ಹಂಚು ಸರಿಸಿ ಇಳಿದೀತು. ಗೂಡಿನ ಉದ್ದ ಪೂರ್ವಪಶ್ಚಿಮವಾಗಿರಲಿ. ಆಗ ಸಂಜೆಯ ಬಿಸಿಲಿಗೂ ಕಡಲ ಕಡೆಯ ಜಡಿಮಳೆಗೂ ಕಿರಿಯ ಗೋಡೆಯೊಂದೇ ಎದುರಾಗುವುದು.

ಹಳೆಯ ಮನೆಗಳನ್ನು ಕೆಡವಿ ತಾರಸಿ ಕಟ್ಟಿಸುವವರು ಹಂಚುಗಳನ್ನು ಅಂಗಳದ ಮೂಲೆಯಲ್ಲಿ ರಾಶಿಹಾಕಿರುವುದನ್ನು ತಾವೆಲ್ಲ ಕಂಡಿರಬಹುದು. ಒಡೆಯದವನ್ನು ಆರಿಸಿ ತೊಳೆದರೆ ಗೂಡಿಗೆ ಧಾರಾಳವಾಗಿ ಸಾಕು. ಊರಿಗೆ ಹೋದಾಗ ತಾಯಂದಿರನ್ನೊಮ್ಮೆ ಕೇಳಿ ನೋಡಿರಿ. ಮೊಟ್ಟೆ ಮಾರಿದ ಹಣ ಹಳ್ಳಿಯ ಎಷ್ಟೋ ಮನೆಗಳಲ್ಲಿ ಹೆಂಗಸರ ಕೈಯಲ್ಲಿ ಉಳಿಯುವ ಸ್ವಂತ ಗಳಿಕೆ. ನಮ್ಮ ತಾಯಿಯವರ ಗೂಡಿಗೂ ಈಗ ಹಳೆಯ ಮನೆಯ ಹಂಚೇ ಇದೆ. ಅದನ್ನು ಹೊದಿಸುವ ಮೊದಲು, ಈ ಸಲ, ಅವರನ್ನು ಕೇಳಿದೆವು.