ಮೀಟರ್‌ನಲ್ಲಿ 20, ಆದ್ರೂ ಹತ್ತು ನಿಮಿಷ ಲೇಟು

ಸೈಕಲ್ ಮೇಲೇ ಇದನ್ನ ಕೇಳ್ತಾ ಇದ್ದರೆ ದಯವಿಟ್ಟು ಒಂದು ಕಿವಿಯ ಇಯರ್‌ಫೋನ್ ತೆಗೆದುಬಿಡಿ, ಹಿಂದಿನಿಂದ ಬರೋ ಲಾರಿ ಸದ್ದು ಕೇಳಬೇಕು.

ಇವತ್ತು ನಾನು ಸೋತ ಕಥೆ. ಬಿಆರ್‌ಎಂ ಗೊತ್ತಲ್ಲ? 200 ಕಿಲೋಮೀಟರ್, ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಅದರಲ್ಲಿ ಗೆಲ್ಲೋರು ಯಾರೂ ಇಲ್ಲ, ಟೈಮೊಳಗೆ ಬಂದರೆ ಸಾಕು. ನಾನು ಬಂದಿದ್ದು 13 ಗಂಟೆ 40 ನಿಮಿಷಕ್ಕೆ. ಹತ್ತೇ ಹತ್ತು ನಿಮಿಷ! ಆದರೆ ನನ್ನ ಮೀಟರ್ ಸರಾಸರಿ ಗಂಟೆಗೆ 20 ಕಿ.ಮೀ. ಅಂತ ತೋರಿಸ್ತಿತ್ತು. ಹಾಗಾದರೆ ಹತ್ತು ಗಂಟೆಗೇ ಮುಗೀಬೇಕಿತ್ತಲ್ವಾ?

ಮೀಟರ್ ಸುಳ್ಳು ಹೇಳಿರಲಿಲ್ಲ. ಅದರಲ್ಲಿ ಆಟೋ ಪಾಸ್ ಆನ್ ಇತ್ತು. ಸೈಕಲ್ ನಿಂತರೆ ಅದರ ಲೆಕ್ಕವೂ ನಿಲ್ಲತ್ತೆ. ಇಡ್ಲಿ, ಎಳನೀರು, ಒಂದು ಪಂಕ್ಚರ್, ಹುಣಸೆಮರದ ಕೆಳಗೆ 'ಐದೇ ನಿಮಿಷ' ಅಂತ ಒರಗಿದ್ದು, ಎಲ್ಲ ಸೇರಿ 3 ಗಂಟೆ 40 ನಿಮಿಷ. ಅದ್ಯಾವುದೂ ಸ್ಪೀಡ್‌ನಲ್ಲಿ ಕಾಣಲೇ ಇಲ್ಲ.

ಓಡೋರು ಹಾಗೆ ಲೆಕ್ಕ ಹಾಕೋದಿಲ್ಲ. ಅವರದ್ದು ಪೇಸ್, ಅಂದರೆ ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಅಂತ. ಸ್ಟ್ರಾವಾ ಕೂಡ ಓಟಕ್ಕೆ ಪೇಸ್, ಸೈಕಲ್ಲಿಗೆ ಸ್ಪೀಡ್ ತೋರಿಸುತ್ತೆ. ಸೈಕಲ್ಲಿನಲ್ಲಿ ಎದುರುಗಾಳಿ, ಇಳಿಜಾರು ಬಂದರೆ ಪೇಸ್ ಕ್ಷಣಕ್ಷಣಕ್ಕೂ ಕುಣಿಯುತ್ತೆ, ನೋಡಿ ಪ್ರಯೋಜನ ಇಲ್ಲ. ಆದರೆ ಇಡೀ ದಿನದ ಲೆಕ್ಕಕ್ಕೆ ಅದೇ ಸರಿ. ಹದಿಮೂರೂವರೆ ಗಂಟೆ ಅಂದರೆ 810 ನಿಮಿಷ. 200ರಿಂದ ಭಾಗಿಸಿ. ಕಿಲೋಮೀಟರಿಗೆ 4 ನಿಮಿಷ 3 ಸೆಕೆಂಡ್, ಇಡ್ಲಿಯೂ ಅದರಲ್ಲೇ.

ಇನ್ನೊಂದು, ನಂದಿಬೆಟ್ಟದ್ದು. ಏರು ಲೆಕ್ಕಕ್ಕೆ 8 ಕಿ.ಮೀ. ಅಂತಿಟ್ಟುಕೊಳ್ಳಿ. ಗಂಟೆಗೆ 10ರಲ್ಲಿ ಹತ್ತಿ 40ರಲ್ಲಿ ಇಳಿದರೆ ಸರಾಸರಿ ಎಷ್ಟು? ನಾನೂ 25 ಅಂದಿದ್ದೆ. ಅಲ್ಲ, 16. ಹತ್ತೋಕೆ 48 ನಿಮಿಷ, ಇಳಿಯೋಕೆ 12, ಒಟ್ಟು ಒಂದು ಗಂಟೆಗೆ 16 ಕಿಲೋಮೀಟರ್. ಈಗ ನೋಡಿ, ಹತ್ತುವಾಗ 10 ಇದ್ದಿದ್ದು 12 ಆದರೆ ಎಂಟು ನಿಮಿಷ ಉಳೀತು. ಇಳಿಯುವಾಗ 40 ಇದ್ದಿದ್ದು 42 ಆದರೆ? ಬರೀ ಅರ್ಧ ನಿಮಿಷ. ಆ ಅರ್ಧ ನಿಮಿಷಕ್ಕೆ ತಿರುವಿನಲ್ಲಿ ಬ್ರೇಕ್ ಬಿಡೋ ಹುಡುಗರನ್ನ ಪ್ರತಿ ಭಾನುವಾರ ನೋಡ್ತೀನಿ, ಎದೆ ಝಲ್ ಅನ್ನುತ್ತೆ. ಹಾಗಾಗಿ ಸುಧಾರಿಸಿದ್ದೀನಾ ಅಂತ ನೋಡೋಕೆ ನಾನು ಬೆಟ್ಟದ ಬುಡದಿಂದ ತುದಿವರೆಗಿನ ನಿಮಿಷ ಮಾತ್ರ ಬರೆದಿಡ್ತೀನಿ. ಅದೇ ರಸ್ತೆ, ಅದೇ ಬೆಳಗಿನ ಹೊತ್ತು.

ಎರಡನೇ ಸಲ ಬಿಆರ್‌ಎಂಗೆ ಹೋದಾಗ ಹ್ಯಾಂಡಲ್‌ಗೆ ಒಂದು ಚೀಟಿ ಅಂಟಿಸಿದ್ದೆ. ಕಿಲೋಮೀಟರಿಗೆ ನಾಲ್ಕು ನಿಮಿಷದ ಲೆಕ್ಕ: 50ಕ್ಕೆ 3 ಗಂಟೆ 20 ನಿಮಿಷ, 100ಕ್ಕೆ 6:40, 150ಕ್ಕೆ 10 ಗಂಟೆ, 200ಕ್ಕೆ 13:20. ಕೈಗಡಿಯಾರ ನೋಡೋದು, ಚೀಟಿ ನೋಡೋದು, ಅಷ್ಟೇ. ನೂರಕ್ಕೆ ಹದಿನೈದು ನಿಮಿಷ ಮುಂದಿದ್ದೆ, ನೆಮ್ಮದಿಯಾಗಿ ಮಜ್ಜಿಗೆ ಕುಡಿದೆ.

13 ಗಂಟೆ 4 ನಿಮಿಷಕ್ಕೆ ಮುಗಿಸಿದೆ. ಮೀಟರ್ ನೋಡಿದರೆ ಸರಾಸರಿ 19. ಹೋದ ಸಲಕ್ಕಿಂತ ಒಂದು ಕಮ್ಮಿ!