ಜೂಜಿನ ಜಯವೂ ಕಾಯಕದ ಗಳಿಕೆಯೂ



ಪೋಕರ್ ಎಂಬ ಇಸ್ಪೀಟಿನಾಟದಲ್ಲಿ ಕೋಟಿಗಟ್ಟಲೆ ಗೆದ್ದವರನ್ನು ತೋರಿಸಿ, “ಇದೂ ಬುದ್ಧಿಯ ದುಡಿಮೆಯೇ ತಾನೆ, ಇದನ್ನೇಕೆ ಕಾಯಕವೆನ್ನಬಾರದು ಗುರುಗಳೇ?” ಎಂದು ತರುಣರು ಕೇಳುತ್ತಾರೆ. ಕೋಪದಿಂದ ತಳ್ಳಿಹಾಕುವ ಪ್ರಶ್ನೆ ಇದಲ್ಲ.

ಅವರು ಹೆಚ್ಚಾಗಿ ಹೇಳುವುದು ಅಮೆರಿಕದ ಕ್ರಿಸ್ ಮನಿಮೇಕರ್ ಎಂಬಾತನ ಕಥೆ. ಮನೆತನದ ಹೆಸರೇ ಅದು. ‘ಹಣ ಮಾಡುವವನು’ ಎಂದರ್ಥ. ವಿಧಿಗೂ ವಿನೋದವುಂಟು! ಟೆನೆಸಿ ಸೀಮೆಯ ಈತ ಲೆಕ್ಕಪತ್ರ ಬರೆಯುವ ನೌಕರ. ಆಗ 27ರ ಪ್ರಾಯ. 2003ರಲ್ಲಿ ಲಾಸ್ ವೇಗಾಸ್ ನಗರದಲ್ಲಿ ನಡೆದ ಪೋಕರ್ ವಿಶ್ವಸ್ಪರ್ಧೆಯ ಪ್ರವೇಶಧನ 10,000 ಡಾಲರ್. ಈತ ನೂರು ಡಾಲರಿಗೂ ಕಡಿಮೆ ಶುಲ್ಕದ ಅಂತರ್ಜಾಲ ಪಂದ್ಯವೊಂದನ್ನು ಗೆದ್ದು ಅಲ್ಲಿಗೆ ಅರ್ಹನಾದ. 839 ಮಂದಿಯಲ್ಲಿ ಕೊನೆಗೆ ಉಳಿದವನು ಈತನೇ. ದೊರೆತದ್ದು 25 ಲಕ್ಷ ಡಾಲರ್.

ಆಟದ ಕೊನೆಯ ಘಟ್ಟದಲ್ಲಿ ಎದುರಿಗಿದ್ದವನು ನುರಿತ ಆಟಗಾರ ಸ್ಯಾಮ್ ಫರ್ಹಾ. ಒಂದು ಸುತ್ತಿನಲ್ಲಿ ಫರ್ಹಾನ ಬಳಿ ಒಂಬತ್ತರ ಜೋಡಿ ಇತ್ತು. ಮನಿಮೇಕರನ ಬಳಿ ಜೋಡಿಯೇ ಇರಲಿಲ್ಲ. ಆದರೂ ಈತ ಮುಖದ ಗೆರೆ ಕದಲಿಸದೆ ತನ್ನದೆಲ್ಲವನ್ನೂ ಪಣಕ್ಕೊಡ್ಡಿದ. ಫರ್ಹಾ ಬಹಳ ಹೊತ್ತು ಯೋಚಿಸಿ, ಗೆಲ್ಲುವ ಎಲೆಗಳನ್ನೇ ಕೆಳಗಿಟ್ಟುಬಿಟ್ಟ. ಆಟದ ನಿಯಮದೊಳಗೆ ಇದು ತಪ್ಪಲ್ಲ. ಆ ಮನಃಸ್ಥೈರ್ಯವನ್ನೂ ನಾವು ಅಲ್ಲಗಳೆಯುವುದಿಲ್ಲ. ಪೂಜೆಗೆ ಕುಳಿತಾಗ ನಮ್ಮಲ್ಲಿ ಎಷ್ಟು ಜನಕ್ಕೆ ಅಷ್ಟು ಏಕಾಗ್ರತೆ ಇದೆ?

ಆದರೆ ಬುದ್ಧಿ ಬೇಕೆಂಬ ಮಾತ್ರಕ್ಕೆ ಕಾಯಕವಾಗುವುದಾದರೆ ಕನ್ನಗಳ್ಳನಿಗೂ ಆ ಹೆಸರು ಸಲ್ಲಬೇಕಾದೀತು. ನೇಕಾರನು ಹಣ ಪಡೆದರೆ ಕೊಂಡವನ ಮೈಮೇಲೆ ಸೀರೆ ಇರುತ್ತದೆ. ಒಕ್ಕಲಿಗನು ಪಡೆದರೆ ಕೊಂಡವನ ಮನೆಯಲ್ಲಿ ಜೋಳವಿರುತ್ತದೆ. ಈ ಮೇಜಿನ ಮೇಲೆ ಹುಟ್ಟಿದ್ದೇನು? ಮುಂದಿನ ಕೆಲವು ಸ್ಥಾನದವರಿಗೆ ಬಹುಮಾನ ಸಿಕ್ಕಿತು. ಬಹುಪಾಲು ಜನ ಬರಿಗೈಯಲ್ಲಿ ಎದ್ದುಹೋದರು. ಮನಿಮೇಕರನು ಕುಳಿತ ಆಸನವೂ ಅಂತರ್ಜಾಲದಲ್ಲಿ ಸೋತವರ ಶುಲ್ಕದಿಂದಲೇ ಬಂದದ್ದು.

ಗೆದ್ದ ಬಳಿಕ ಆತ ಲೆಕ್ಕ ಬರೆಯುವ ಉದ್ಯೋಗ ಬಿಟ್ಟು ಆಟವನ್ನೇ ವೃತ್ತಿ ಮಾಡಿಕೊಂಡ. ಮರುವರ್ಷ ಅದೇ ಸ್ಪರ್ಧೆಗೆ 2,576 ಜನ ಬಂದರು, 2006ರಲ್ಲಿ 8,773. ಒಬ್ಬೊಬ್ಬನೂ ತಾನೇ ಮುಂದಿನ ಮನಿಮೇಕರ್ ಎಂದುಕೊಂಡು ಕುಳಿತವನೇ. ಅದೇ ಆಸೆ ಮೊಬೈಲಿನ ಮೂಲಕ ನಮ್ಮ ಹಳ್ಳಿಗಳಿಗೂ ನುಗ್ಗಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು 2025ರಲ್ಲಿ ಕೇಂದ್ರವೇ ಕಾಯಿದೆ ಮಾಡಬೇಕಾಯಿತು. ಕಾಯಿದೆ ಯಂತ್ರವನ್ನು ತಡೆದೀತು, ಮನಸ್ಸನ್ನು ತಡೆಯುವುದೆಂತು? ಋಗ್ವೇದದ ಅಕ್ಷಸೂಕ್ತದಲ್ಲಿಯೇ ಜೂಜುಗಾರನ ಹೆಂಡತಿಯ, ತಾಯಿಯ ಸಂಕಟವಿದೆ. ಆ ಸೂಕ್ತವು ಅವನಿಗೆ ತೋರಿಸುವ ದಾರಿ ಹೊಲದ ಉಳುಮೆಯದು.

ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆ ತಿಳಿದದ್ದೇ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಬಡ ದಂಪತಿಗಳು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಕದ್ದದ್ದಲ್ಲ, ಕಸಿದದ್ದಲ್ಲ, ಜೂಜಿನದಂತೂ ಅಲ್ಲವೇ ಅಲ್ಲ. ಆದರೂ ಲಕ್ಕಮ್ಮನವರು ಅದನ್ನು ಒಲೆಯ ಮೇಲಿಡಲಿಲ್ಲ. ಇದು ನಮ್ಮ ನಿತ್ಯದ ಅಳತೆಯಲ್ಲ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬನ್ನಿರಿ ಎಂದರು. ಮಾರಯ್ಯನವರು ಮರುಮಾತಾಡದೆ ಅಕ್ಕಿಯನ್ನು ಹೊತ್ತು ಬಂದ ದಾರಿಯಲ್ಲೇ ಹಿಂದಿರುಗಿದರು.